‘ಗೆಟ್’ ಒಂದೇ, ಅರ್ಥ ಮಾತ್ರ ಇಷ್ಟೊಂದು ಏಕೆ?

ಪ್ರಶ್ನೆ: ಇಂಗ್ಲಿಷ್ ಓದಿದರೆ ಹೆಚ್ಚುಕಡಿಮೆ ಅರ್ಥವಾಗುತ್ತದೆ. ಕಷ್ಟದ ಪದ ಬಂದರೆ ನಿಘಂಟು ನೋಡುತ್ತೇನೆ. ಆದರೆ ‘ಗೆಟ್’ ಅನ್ನುವ ಸುಲಭದ ಪದವೇ ನನಗೆ ತಲೆನೋವು. ‘ಐ ಗಾಟ್ ಎ ಲೆಟರ್’ ಅಂದರೆ ಸಿಕ್ಕಿತು. ‘ಐ ಗಾಟ್ ಆಂಗ್ರಿ’ ಅಂದರೆ ಕೋಪ ಬಂತು. ‘ಐ ಗಾಟ್ ಹೋಮ್’ ಅಂದರೆ ಮನೆ ಸೇರಿದೆ. ‘ಐ ಡೋಂಟ್ ಗೆಟ್ ಇಟ್’ ಅಂದರೆ ಅರ್ಥವಾಗಲಿಲ್ಲ. ‘ಹಿ ಗಾಟ್ ಫೈರ್ಡ್’ ಅಂದರೆ ಕೆಲಸದಿಂದ ತೆಗೆದರು. ನಿಘಂಟಿನಲ್ಲಿ ಪಟ್ಟಿ ಮುಗಿಯುವುದೇ ಇಲ್ಲ. ಇದನ್ನೆಲ್ಲ ಬಾಯಿಪಾಠ ಮಾಡಬೇಕೇ? ಇನ್ನೊಂದು ಮಾತು: ಬರವಣಿಗೆಯಲ್ಲಿ ‘ಗೆಟ್’ ಬಳಸಬೇಡಿ, ಅದು ಒರಟು ಅಂತ ಕಚೇರಿಯಲ್ಲಿ ಮೇಲಿನವರು ಹೇಳುತ್ತಾರೆ. ನಿಜವೇ?

ಉತ್ತರ: ಬಾಯಿಪಾಠ ಮಾಡಬೇಡಿ. ಮಾಡಿದರೂ ತಲೆಯಲ್ಲಿ ಉಳಿಯುವುದಿಲ್ಲ. ‘ಗೆಟ್’ಗೆ ಸ್ವಂತದ್ದು ಅಂತ ಇರುವ ಅರ್ಥ ತೀರಾ ಚಿಕ್ಕದು: ಇಲ್ಲದ ಸ್ಥಿತಿಯಿಂದ ಇರುವ ಸ್ಥಿತಿಗೆ ದಾಟುವುದು. ಅಷ್ಟೇ. ಪತ್ರ ಕೈಯಲ್ಲಿ ಇರಲಿಲ್ಲ, ಈಗ ಇದೆ. ಕೋಪ ಇರಲಿಲ್ಲ, ಈಗ ಇದೆ. ಮನೆಯಲ್ಲಿ ಇರಲಿಲ್ಲ, ಈಗ ಇದ್ದೇನೆ. ವಿಷಯ ತಲೆಗೆ ಹೋಗಿರಲಿಲ್ಲ, ಈಗ ಹೋಯಿತು. ಏನು ಬದಲಾಯಿತು ಅನ್ನುವುದನ್ನು ‘ಗೆಟ್’ ಹೇಳುವುದಿಲ್ಲ. ಅದರ ಮುಂದೆ ಬಂದು ಕೂರುವ ಪದ ಹೇಳುತ್ತದೆ. ಆದ್ದರಿಂದ ‘ಗೆಟ್’ ಕಂಡ ಕೂಡಲೇ ಅದನ್ನೇ ದಿಟ್ಟಿಸಬೇಡಿ, ಅದರ ಬಲಗಡೆ ನೋಡಿ. ಅಲ್ಲಿ ವಸ್ತುವಿನ ಹೆಸರಿದ್ದರೆ ಒಂದು ಅರ್ಥ. ಗುಣ ಹೇಳುವ ಪದವಿದ್ದರೆ ಇನ್ನೊಂದು. ಜಾಗದ ಹೆಸರಿದ್ದರೆ ಮತ್ತೊಂದು.

ನಿಘಂಟು ಕಂಡು ಹೆದರಿದ್ದು ನೀವೊಬ್ಬರೇ ಅಲ್ಲ. ನಿಘಂಟು ಬರೆದವರೂ ಹೆದರಿದ್ದಾರೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ‘ಗೆಟ್’, ‘ಗಿವ್’, ‘ಪುಟ್’, ‘ರನ್’, ‘ಟೇಕ್’ ಮುಂತಾದ ಪದಗಳ ಹೆಸರು ಹಿಡಿದೇ ಗೊಣಗಿದ್ದಾನೆ. ಇವುಗಳ ಸಂಬಂಧ ಗಳಿಗೆಗಳಿಗೆಗೂ ಬದಲಾಗುತ್ತದೆ, ಬಿರುಗಾಳಿಯಲ್ಲಿ ಅಲ್ಲಾಡುವ ತೋಪನ್ನು ನೀರಲ್ಲಿ ಬಿದ್ದ ನೆರಳು ನೋಡಿ ಚಿತ್ರಿಸಲು ಆಗುತ್ತದೆಯೇ ಅನ್ನುವುದು ಅವನ ಅಳಲು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ‘ಸೆಟ್’ ಪದದ್ದು. ಆಮೇಲೆ ಪರಿಷ್ಕರಿಸುವಾಗ ‘ರನ್’ ಅನ್ನುವ ಒಂದು ಕ್ರಿಯಾಪದಕ್ಕೇ 645 ಅರ್ಥ ಎಣಿಸಿದರು. ಗಮನಿಸಿ, ಇವೆಲ್ಲ ಪುಟ್ಟ ಪದಗಳೇ. ಪದ ಚಿಕ್ಕದಾದಷ್ಟೂ, ಹಳೆಯದಾದಷ್ಟೂ ಅದರ ಮೇಲೆ ಹೊರೆ ಜಾಸ್ತಿ. ಹಾಗಂತ ಈ ಎಣಿಕೆಗಳು ಕಲಿಯುವವರಿಗಾಗಿ ಮಾಡಿದ್ದಲ್ಲ. ನಿಘಂಟಿನವರು ಸಂದರ್ಭಕ್ಕೊಂದರಂತೆ ಬಿಡಿಸಿ ಇಡುತ್ತಾರೆ, ಅದು ಅವರ ಕೆಲಸ. ನೀವು ಕೂಡಿಸಿ ನೋಡಬೇಕು.

ಸುಲಭದ್ದರಿಂದ ಶುರು ಮಾಡೋಣ. ‘ಗೆಟ್’ ಮುಂದೆ ವಸ್ತುವಿನ ಹೆಸರು ಬಂದರೆ ಅದು ನಮ್ಮ ‘ಸಿಗು’ ಅಥವಾ ‘ಪಡೆ’. ‘ಐ ಗಾಟ್ ಎ ಜಾಬ್’, ಕೆಲಸ ಸಿಕ್ಕಿತು. ನಡುವೆ ಇನ್ನೊಬ್ಬರು ಬಂದರೆ ‘ತಂದುಕೊಡು’ ಆಗುತ್ತದೆ: ‘ಗೆಟ್ ಮಿ ಎ ಚೇರ್’, ನನಗೊಂದು ಕುರ್ಚಿ ತಂದುಕೊಡು. ಇಲ್ಲೂ ಅದೇ ಲೆಕ್ಕ: ನನ್ನ ಹತ್ತಿರ ಕುರ್ಚಿ ಇರಲಿಲ್ಲ, ನಿನ್ನಿಂದಾಗಿ ಬಂತು. ಕಾಯಿಲೆಯೂ ಹೀಗೇ ‘ಸಿಗುತ್ತದೆ’: ‘ಐ ಗಾಟ್ ಎ ಕೋಲ್ಡ್’ ಅಂದರೆ ನೆಗಡಿಯಾಯಿತು. ‘ಐ ಡೋಂಟ್ ಗೆಟ್ ಇಟ್’ನಲ್ಲಿ ಕೈಗೆ ಸಿಗದೆ ಹೋಗಿದ್ದು ಮಾತಿನ ತಿರುಳು. ನಾವೂ ‘ನೀನು ಹೇಳಿದ್ದು ಹಿಡೀಲಿಲ್ಲ’ ಅನ್ನುತ್ತೇವೆ, ಅಲ್ವಾ?

ಆದರೆ ಇಲ್ಲೊಂದು ಗುಂಡಿ ಇದೆ. ಕನ್ನಡದಲ್ಲಿ ಸಿಗುವುದು ವಸ್ತು. ‘ಪುಸ್ತಕ ಸಿಗಲಿಲ್ಲ’ ಎಂದರೆ ವಾಕ್ಯದ ಯಜಮಾನ ಪುಸ್ತಕ, ನಾನು ಪಕ್ಕದಲ್ಲಿ ‘ನನಗೆ’ ಅಂತ ನಿಂತಿರುತ್ತೇನೆ, ಅಥವಾ ನಿಂತಿರುವುದೇ ಇಲ್ಲ. ಇಂಗ್ಲಿಷ್‌ನಲ್ಲಿ ‘ಗೆಟ್’ನ ಯಜಮಾನ ಪಡೆಯುವ ಮನುಷ್ಯ. ಹಾಗಾಗಿ ‘ದ ಬುಕ್ ಡಿಡ್ ನಾಟ್ ಗೆಟ್’ ಅಂದರೆ ಇಂಗ್ಲಿಷ್ ಮಾತಾಡುವವರಿಗೆ ಪುಸ್ತಕವೇ ಏನನ್ನೋ ಪಡೆಯಲು ಹೊರಟು ಪಡೆಯದೆ ವಾಪಸು ಬಂದ ಹಾಗೆ ಕೇಳುತ್ತದೆ. ‘ಐ ಕುಡಂಟ್ ಗೆಟ್ ದ ಬುಕ್’ ಅನ್ನಬೇಕು. ಮನುಷ್ಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ದಾರಿಯಲ್ಲಿ ಅವನು ಸಿಕ್ಕಿದ’ ಅನ್ನುವುದನ್ನು ‘ಐ ಗಾಟ್ ಹಿಮ್ ಆನ್ ದ ವೇ’ ಮಾಡಿದರೆ ನೀವು ಅವನನ್ನು ಹಿಡಿದುಹಾಕಿದಿರಿ ಅಂತ ಅರ್ಥ ಬರಬಹುದು. ಅಲ್ಲಿ ‘ಮೆಟ್’ ಸಾಕು.

ಈಗ ‘ಗೆಟ್’ ಮುಂದೆ ಗುಣ ಹೇಳುವ ಪದ ಬಂತು ಅನ್ನಿ: ‘ಆಂಗ್ರಿ’, ‘ಓಲ್ಡ್’, ‘ಡಾರ್ಕ್’, ‘ಬೆಟರ್’, ‘ವೆಟ್’. ಆಗ ಅದು ಪೂರ್ತಿ ನಮ್ಮ ‘ಆಗು’. ಕನ್ನಡದಲ್ಲಿ ‘ಇರು’, ‘ಆಗು’ ಎಂಬ ಜೋಡಿ ಇದೆಯಲ್ಲ, ಇಂಗ್ಲಿಷ್‌ನಲ್ಲಿ ಅದೇ ‘ಬಿ’, ‘ಗೆಟ್’ ಜೋಡಿ. ‘ಇಟ್ ಈಸ್ ಡಾರ್ಕ್’, ಕತ್ತಲಿದೆ. ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ‘ಐ ಆಮ್ ಮ್ಯಾರೀಡ್’ ಅಂದರೆ ನನಗೆ ಮದುವೆಯಾಗಿದೆ, ಇದು ಈಗಿನ ಸ್ಥಿತಿ. ‘ಐ ಗಾಟ್ ಮ್ಯಾರೀಡ್ ಇನ್ 2015’ ಅಂದರೆ ಮದುವೆಯಾದ ಘಟನೆ. ‘ಯೂಸ್ಡ್ ಟು’ ಕೂಡ ಹೀಗೇ: ‘ಐ ಆಮ್ ಯೂಸ್ಡ್ ಟು ಇಟ್’, ನನಗೆ ರೂಢಿ ಇದೆ. ‘ಯು ವಿಲ್ ಗೆಟ್ ಯೂಸ್ಡ್ ಟು ಇಟ್’, ನಿನಗೆ ರೂಢಿಯಾಗುತ್ತೆ. ಈ ಜೋಡಿ ಒಂದು ಸಲ ಕೂತರೆ ‘ಗೆಟ್’ನ ಅರ್ಧ ಕೆಲಸ ಮುಗಿದ ಹಾಗೆ.

ಕನ್ನಡ ಮಾತಾಡುವವರು ಇಲ್ಲಿ ಎಡವುವುದು ಒಂದೇ ರೀತಿಯಲ್ಲಿ. ನಮಗೆ ಕೋಪ ‘ಬರುತ್ತದೆ’, ನಿದ್ದೆ ‘ಬರುತ್ತದೆ’, ಬೇಜಾರು ‘ಆಗುತ್ತದೆ’. ಕೋಪ, ನಿದ್ದೆ, ಬೇಜಾರು ಮೂರೂ ನಾಮಪದಗಳು. ಅವನ್ನು ಹಾಗೇ ಎತ್ತಿಕೊಂಡು ‘ಐ ಆಮ್ ಗೆಟಿಂಗ್ ಆಂಗರ್’, ‘ಐ ಆಮ್ ಗೆಟಿಂಗ್ ಸ್ಲೀಪ್’, ‘ಐ ಆಮ್ ಗೆಟಿಂಗ್ ಬೋರ್’ ಅಂದುಬಿಡುತ್ತೇವೆ. ಇಂಗ್ಲಿಷ್‌ಗೆ ಅಲ್ಲಿ ಗುಣವಾಚಕ ಬೇಕು: ‘ಆಂಗ್ರಿ’, ‘ಸ್ಲೀಪಿ’, ‘ಬೋರ್ಡ್’. ಕೊನೆಯ ಪದದಲ್ಲಿ ಒಂದು ‘ಡ್’ ಹಾರಿಹೋಗುತ್ತದೆ, ಅಷ್ಟೇ ತಪ್ಪು. ಆದರೆ ಕಿವಿಗೆ ಥಟ್ಟನೆ ಬಡಿಯುತ್ತದೆ. ‘ಲೇಟಾಗ್ತಿದೆ’ ಅನ್ನುವುದಕ್ಕೆ ‘ಐ ಆಮ್ ಗೆಟಿಂಗ್ ಲೇಟ್’ ಅನ್ನುವುದೂ ಇದೇ ಜಾತಿ. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದರಿಂದ ಯಾರಿಗೂ ತೊಂದರೆಯಿಲ್ಲ. ಹೊರಗಿನವರು ಮಾತ್ರ ಹೊತ್ತಿನ ಬಗ್ಗೆಯಾದರೆ ‘ಇಟ್ ಈಸ್ ಗೆಟಿಂಗ್ ಲೇಟ್’, ತಮ್ಮ ಬಗ್ಗೆಯಾದರೆ ‘ಐ ಆಮ್ ರನ್ನಿಂಗ್ ಲೇಟ್’ ಎನ್ನುತ್ತಾರೆ.

ಇನ್ನೊಂದು ಎಲ್ಲೆ ಗೊತ್ತಿರಲಿ. ‘ಆಗು’ ಎಲ್ಲಿಗೆ ಬೇಕಾದರೂ ಹೋಗುತ್ತದೆ, ‘ಗೆಟ್’ ಹೋಗುವುದಿಲ್ಲ. ‘ಅವಳು ಶಿಕ್ಷಕಿಯಾದಳು’ ಅನ್ನುವುದನ್ನು ‘ಶಿ ಗಾಟ್ ಎ ಟೀಚರ್’ ಮಾಡಿದರೆ ಅವಳಿಗೆ ಒಬ್ಬ ಶಿಕ್ಷಕರು ಸಿಕ್ಕರು ಎಂದಾಯಿತು. ಮುಂದೆ ನಾಮಪದ ಬಂದ ಕೂಡಲೇ ‘ಗೆಟ್’ ‘ಸಿಗು’ವಿನ ಕಡೆ ವಾಲಿಬಿಡುತ್ತದೆ. ಅಲ್ಲಿ ‘ಬಿಕೇಮ್’ ಬೇಕು. ಹುಚ್ಚು ಹಿಡಿಯುವುದು, ತಲೆ ಬೋಳಾಗುವುದು, ಹಾಲು ಕೆಡುವುದು ಇಂಥವಕ್ಕೆ ಸಾಮಾನ್ಯವಾಗಿ ‘ಗೋ’ ಬರುತ್ತದೆ: ‘ಗೋ ಮ್ಯಾಡ್’, ‘ಗೋ ಬಾಲ್ಡ್’, ‘ಗೋ ಬ್ಯಾಡ್’. ಇದಕ್ಕೆ ಸೂತ್ರ ಹುಡುಕುವುದಕ್ಕಿಂತ ಕೇಳಿ ಕೇಳಿ ಕಲಿಯುವುದೇ ಬೇಗ.

ಈಗ ನನ್ನ ಪ್ರಕಾರ ‘ಗೆಟ್’ನ ಅತಿ ಉಪಯೋಗದ, ನಾವು ಅತಿ ಕಡಿಮೆ ಬಳಸುವ ರೂಪಕ್ಕೆ ಬರೋಣ. ಇದನ್ನು ನೀವು ಕೇಳಿಯೇ ಇಲ್ಲ. ಆದರೆ ನಿಮಗೆ ಹೆಚ್ಚು ಬೇಕಾಗಿರುವುದು ಇದೇ.

ಕನ್ನಡದಲ್ಲಿ ‘ಮಾಡು’ಗೆ ‘ಮಾಡಿಸು’ ಇದೆ. ‘ಬರೆ’ಗೆ ‘ಬರೆಸು’, ‘ಹೊಲಿ’ಗೆ ‘ಹೊಲಿಸು’, ‘ಕಟ್ಟು’ಗೆ ‘ಕಟ್ಟಿಸು’. ಒಂದು ‘ಇಸು’ ಹಚ್ಚಿದರೆ ಸಾಕು, ಕೆಲಸ ಮಾಡುವವರು ಬೇರೆ, ಮಾಡಿಸುವವರು ನಾವು ಎಂದಾಗುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲ ಇಲ್ಲ. ‘ರಿಪೇರ್’ ಅಂದರೆ ರಿಪೇರಿ ಮಾಡು. ‘ರಿಪೇರಿ ಮಾಡಿಸು’ ಅನ್ನುವುದಕ್ಕೆ ಒಂಟಿ ಪದವಿಲ್ಲ. ಹಾಗಾಗಿ ‘ಫೋನ್ ರಿಪೇರಿ ಮಾಡಿಸಿದೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು ಬಾಯಲ್ಲಿ ‘ಐ ರಿಪೇರ್ಡ್ ಮೈ ಫೋನ್’ ಎನ್ನುತ್ತೇವೆ. ಕೇಳಿದವರು ಪಾಪ, ಇವರಿಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ ಅಂದುಕೊಳ್ಳುತ್ತಾರೆ. ‘ಐ ಸ್ಟಿಚ್ಡ್ ಎ ಶರ್ಟ್’ ಅಂದರೆ ನೀವೇ ಸೂಜಿ ಹಿಡಿದಿರಿ. ‘ಐ ರಿಮೂವ್ಡ್ ಮೈ ಟೂತ್’ ಅಂದರೆ ಕನ್ನಡಿ ಮುಂದೆ ನಿಂತು ಸ್ವಂತ ಹಲ್ಲನ್ನು ನೀವೇ ಕಿತ್ತುಕೊಂಡಿರಿ.

ಇಲ್ಲಿ ‘ಗೆಟ್’ ನಮ್ಮ ‘ಇಸು’ ಆಗಿ ನಿಲ್ಲುತ್ತದೆ. ‘ಐ ಗಾಟ್ ಮೈ ಫೋನ್ ರಿಪೇರ್ಡ್.’ ‘ಐ ಗಾಟ್ ಎ ಶರ್ಟ್ ಸ್ಟಿಚ್ಡ್.’ ‘ಐ ಗಾಟ್ ಮೈ ಟೂತ್ ಟೇಕನ್ ಔಟ್.’ ಜೋಡಣೆ ನೋಡಿ: ಮೊದಲು ‘ಗೆಟ್’, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೆಯ ರೂಪ. ಮೂಲ ಅರ್ಥ ಇಲ್ಲೂ ಬದಲಾಗಿಲ್ಲ: ಫೋನ್ ‘ರಿಪೇರಿಯಾದ ಸ್ಥಿತಿ’ಗೆ ಬರುವ ಹಾಗೆ ಮಾಡಿದೆ. ವಸ್ತು ನಡುವೆ ಇರಲೇಬೇಕು. ‘ಐ ಗಾಟ್ ರಿಪೇರ್ಡ್ ಮೈ ಫೋನ್’ ತಪ್ಪು. ವಸ್ತುವಿನ ಜಾಗ ತಪ್ಪಿದರೆ ವಾಕ್ಯ ಕುಸಿಯುತ್ತದೆ. ‘ಹ್ಯಾವ್’ ಬಳಸುವಾಗಲಂತೂ ಜಾಗ ಬದಲಾದರೆ ಅರ್ಥವೇ ತಿರುಗುತ್ತದೆ. ‘ಐ ಹ್ಯಾಡ್ ಮೈ ಫೋನ್ ರಿಪೇರ್ಡ್’ ಅಂದರೆ ಮಾಡಿಸಿದೆ. ‘ಐ ಹ್ಯಾಡ್ ರಿಪೇರ್ಡ್ ಮೈ ಫೋನ್’ ಅಂದರೆ ನಾನೇ ಮಾಡಿದ್ದೆ. ಪದಗಳು ಅವೇ, ಜಾಗ ಬೇರೆ.

ವಸ್ತುವಿನ ಬದಲು ಮನುಷ್ಯ ಬಂದರೆ? ‘ಅವನ ಕೈಲಿ ಸಹಿ ಹಾಕಿಸಿದೆ’ ಅನ್ನುತ್ತೇವಲ್ಲ, ಇಂಗ್ಲಿಷ್‌ನಲ್ಲಿ ಅದನ್ನು ಹೇಳಲು ಮೂರು ದಾರಿ, ಮೂರಕ್ಕೂ ಬೇರೆ ಬೇರೆ ಬಣ್ಣ. ‘ಐ ಗಾಟ್ ಹಿಮ್ ಟು ಸೈನ್’ ಅಂದರೆ ಒಪ್ಪಿಸಿ, ಪುಸಲಾಯಿಸಿ, ಹಿಂದೆ ಬಿದ್ದು ಹಾಕಿಸಿದೆ. ‘ಐ ಮೇಡ್ ಹಿಮ್ ಸೈನ್’ ಅಂದರೆ ಬಲವಂತ, ಅವನಿಗೆ ಇಷ್ಟವಿರಲಿಲ್ಲ. ‘ಐ ಹ್ಯಾಡ್ ಹಿಮ್ ಸೈನ್’ ಅಂದರೆ ಹೇಳಿದೆ, ಹಾಕಿದ, ಅದು ಅವನ ಕೆಲಸವೇ ಆಗಿತ್ತು. ಕನ್ನಡದ ‘ಹಾಕಿಸಿದೆ’ ಮೂರನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಯಾವುದು ಅನ್ನುವುದು ದನಿಯಿಂದ ಗೊತ್ತಾಗಬೇಕು. ಇಂಗ್ಲಿಷ್‌ನಲ್ಲಿ ಆರಿಸಿಕೊಳ್ಳಬೇಕು. ಮತ್ತೆ, ಮೂರರಲ್ಲಿ ‘ಗೆಟ್’ಗೆ ಮಾತ್ರ ‘ಟು’ ಬೇಕು. ‘ಐ ಗಾಟ್ ಹಿಮ್ ಸೈನ್’ ಅನ್ನಬೇಡಿ.

ಇದೇ ಅಚ್ಚಿನ ವಾಕ್ಯ ಕೆಲವೊಮ್ಮೆ ಬೇರೆ ಅರ್ಥವನ್ನೂ ಕೊಡುತ್ತದೆ. ‘ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದ ಡೋರ್’ ಅಂದರೆ ಯಾರೂ ಹಣ ಕೊಟ್ಟು ಬೆರಳು ಸಿಕ್ಕಿಸಿಕೊಳ್ಳುವುದಿಲ್ಲ. ಬಾಗಿಲಲ್ಲಿ ಬೆರಳು ಸಿಕ್ಕಿಹಾಕಿಕೊಂಡಿತು. ‘ಐ ಗಾಟ್ ದ ವರ್ಕ್ ಡನ್’ ಅಂದರೆ ಬೇರೆಯವರಿಂದ ಮಾಡಿಸಿದೆ ಎಂದೂ ಆಗುತ್ತದೆ, ಹೇಗೋ ಒದ್ದಾಡಿ ನಾನೇ ಮುಗಿಸಿದೆ ಎಂದೂ ಆಗುತ್ತದೆ. ಯಾವುದು ಅಂತ ಸಂದರ್ಭ ಹೇಳುತ್ತದೆ. ಇದಕ್ಕೆ ಭಯಪಡಬೇಕಾಗಿಲ್ಲ. ಮಾತಾಡುವವರಿಗೆ ಇದು ಸಮಸ್ಯೆಯೇ ಅಲ್ಲ.

ನೀವು ಕೊಟ್ಟ ‘ಹಿ ಗಾಟ್ ಫೈರ್ಡ್’ ಇನ್ನು ಸುಲಭ. ನಡುವಿನ ವಸ್ತು ಮಾಯವಾಗಿ, ‘ಗೆಟ್’ ಪಕ್ಕದಲ್ಲೇ ಮೂರನೆಯ ರೂಪ ಬಂದರೆ ಆ ಕೆಲಸ ಯಜಮಾನನ ಮೇಲೆಯೇ ಆಯಿತು ಎಂದರ್ಥ. ‘ಹಿ ವಾಸ್ ಫೈರ್ಡ್’ ಅಂದರೂ ಸುದ್ದಿ ಅದೇ. ಹಾಗಾದರೆ ವ್ಯತ್ಯಾಸ ಏನು? ‘ವಾಸ್’ ಬಳಸಿದರೆ ತಟಸ್ಥ ವರದಿ. ‘ಗಾಟ್’ ಬಳಸಿದರೆ ಹೇಳುವವರು ಸ್ವಲ್ಪ ಒಳಗೆ ಬಂದಿರುತ್ತಾರೆ: ಅಯ್ಯೋ ಪಾಪ, ಅಥವಾ ಆಗಬೇಕಾದ್ದೇ, ಅಥವಾ ಅಬ್ಬ ಗೆದ್ದ. ಹೆಚ್ಚಾಗಿ ಕೆಟ್ಟದ್ದಕ್ಕೆ, ಆಗಾಗ ಒಳ್ಳೆಯದಕ್ಕೆ: ‘ಶಿ ಗಾಟ್ ಪ್ರಮೋಟೆಡ್’. ಈ ದನಿ ಕನ್ನಡದಲ್ಲಿ ಎಲ್ಲಿದೆ ಗೊತ್ತೇ? ‘ಹೋಗು’, ‘ಬೀಳು’ಗಳಲ್ಲಿ. ‘ಒಡೆಯಿತು’ ಬೇರೆ, ‘ಒಡೆದುಹೋಯ್ತು’ ಬೇರೆ. ‘ಸಿಕ್ಕಿದ’ ಬೇರೆ, ‘ಸಿಕ್ಕಿಬಿದ್ದ’ ಬೇರೆ. ‘ಹಿ ಗಾಟ್ ಕಾಟ್’ ಅನ್ನುವುದನ್ನು ‘ಅವನು ಹಿಡಿಯಲ್ಪಟ್ಟನು’ ಎಂದು ಅನುವಾದ ಮಾಡುವವರನ್ನು ಕಂಡರೆ ನನಗೆ ಅಳು ಬರುತ್ತದೆ. ‘ಸಿಕ್ಕಿಬಿದ್ದ’ ಅಂತ ಎಂಥಾ ಚೆಂದದ ಮಾತು ಕೈಯಲ್ಲೇ ಇದೆ.

ಇನ್ನೊಂದು ಉಪಯೋಗವೂ ಇದೆ. ‘ದ ವಿಂಡೋ ವಾಸ್ ಬ್ರೋಕನ್’ ಅಂದರೆ ಕಿಟಕಿ ಒಡೆದಿತ್ತು ಅಂತಲೂ, ಯಾರೋ ಒಡೆದರು ಅಂತಲೂ ಆಗುತ್ತದೆ. ‘ಗಾಟ್ ಬ್ರೋಕನ್’ ಅಂದರೆ ಆ ಗೊಂದಲ ಇಲ್ಲ, ಘಟನೆ ಮಾತ್ರ. ಆದರೆ ಮನಸ್ಸಿನಲ್ಲಿ ತಟಸ್ಥವಾಗಿ ಇರುವ ಸಂಗತಿಗಳಿಗೆ ಈ ‘ಗೆಟ್’ ಒಗ್ಗುವುದಿಲ್ಲ. ‘ದ ಆನ್ಸರ್ ವಾಸ್ ನೋನ್’ ಸರಿ, ‘ಗಾಟ್ ನೋನ್’ ಅಲ್ಲ. ಏನಾದರೂ ಘಟಿಸಬೇಕು.

ಈಗ ಎಲ್ಲರಿಗೂ ಗೋಜಲಾಗುವ ‘ಹ್ಯಾವ್ ಗಾಟ್’. ‘ಐ ಹ್ಯಾವ್ ಗಾಟ್ ಟೂ ಬ್ರದರ್ಸ್’ ಅಂದರೆ ನನಗೆ ಇಬ್ಬರು ಸೋದರರಿದ್ದಾರೆ. ಸಿಕ್ಕಿದ್ದಾರೆ ಅಂತ ಅಲ್ಲ. ನೋಡಲು ಭೂತಕಾಲದ ಹಾಗಿದೆ, ಅರ್ಥ ಮಾತ್ರ ಈಗಿನದು. ವಿಚಿತ್ರ ಅನ್ನಿಸಿದರೆ ನಮ್ಮ ‘ಕೂತಿದ್ದಾನೆ’ ನೋಡಿ. ‘ಕೂತು’ ಅಂದರೆ ಕೂರುವ ಕೆಲಸ ಆಗಿಹೋಯಿತು, ‘ಇದ್ದಾನೆ’ ಅಂದರೆ ಈಗ. ಕೂತಾಗಿದೆ, ಆದ್ದರಿಂದ ಈಗ ಕೂತ ಸ್ಥಿತಿಯಲ್ಲಿದ್ದಾನೆ. ‘ಹ್ಯಾವ್ ಗಾಟ್’ ಕೂಡ ಹಾಗೇ ಬೆಳೆಯಿತು: ಪಡೆದಾಗಿದೆ, ಆದ್ದರಿಂದ ಈಗ ನನ್ನಲ್ಲಿದೆ. ಕಾಲ ಕಳೆದಂತೆ ಪಡೆದ ಸಂಗತಿ ಮರೆತು ‘ಇದೆ’ ಮಾತ್ರ ಉಳಿಯಿತು. ಹಾಗಾಗಿಯೇ ಯಾರೂ ಪಡೆಯಲಾಗದ ಸೋದರರಿಗೂ, ನೀಲಿ ಕಣ್ಣುಗಳಿಗೂ ಅದನ್ನು ಬಳಸುತ್ತಾರೆ.

ಇದರ ಪಕ್ಕದಲ್ಲೇ ‘ಹ್ಯಾವ್ ಗಾಟ್ ಟು’ ಇದೆ. ಅದರ ಅರ್ಥ ‘ಲೇಬೇಕು’. ‘ಐವ್ ಗಾಟ್ ಟು ಗೋ’, ಹೊರಡಲೇಬೇಕು. ವೇಗವಾಗಿ ಹೇಳುವಾಗ ‘ಗಾಟಾ’ ಆಗಿಬಿಡುತ್ತದೆ. ಆದರೆ ‘ಹ್ಯಾವ್’ ಇಲ್ಲದ ‘ಗೆಟ್ ಟು’ ಪೂರ್ತಿ ಬೇರೆ. ಅದು ಅವಕಾಶ. ‘ಐ ಗಾಟ್ ಟು ಸೀ ದ ಮೌಂಟನ್ಸ್’ ಅಂದರೆ ಬೆಟ್ಟಗಳನ್ನು ನೋಡುವ ಭಾಗ್ಯ ಸಿಕ್ಕಿತು. ‘ಐವ್ ಗಾಟ್ ಟು ಸೀ ದ ಮೌಂಟನ್ಸ್’ ಅಂದರೆ ನೋಡಲೇಬೇಕು. ಒಂದು ಸಣ್ಣ ‘ವ್’ ಇದ್ದರೆ ಕಡ್ಡಾಯ, ಇಲ್ಲದಿದ್ದರೆ ಅದೃಷ್ಟ. ಮಾತಿನ ವೇಗದಲ್ಲಿ ಆ ‘ವ್’ ಕೇಳಿಸುವುದೂ ಕಷ್ಟ. ಆಗ ಹಿಂದೆಮುಂದೆ ಏನಿದೆ ಅಂತ ನೋಡಿ. ಮುಗಿದ ಕಥೆ ಹೇಳುತ್ತಿದ್ದರೆ ಅವಕಾಶ, ಮುಂದಿನ ಮಾತಾಗಿದ್ದರೆ ಕಡ್ಡಾಯ.

ಅಮೆರಿಕದವರ ‘ಗಾಟನ್’ ಕೂಡ ಇಲ್ಲೇ ಬರುತ್ತದೆ. ಇದು ತಪ್ಪು ಇಂಗ್ಲಿಷ್ ಅಂತ ಕೆಲವರು ಮೂಗು ಮುರಿಯುತ್ತಾರೆ. ನಿಜ ಹೇಳಬೇಕೆಂದರೆ ಅದು ಹಳೆಯ ರೂಪ. ಬ್ರಿಟನ್ನಿನಲ್ಲಿ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. ಬ್ರಿಟಿಷರೂ ‘ಫರ್‌ಗಾಟನ್’ ಎನ್ನುವುದನ್ನು ಬಿಟ್ಟಿಲ್ಲವಲ್ಲ! ಅಮೆರಿಕದವರಿಗೆ ಇದರಿಂದ ಒಂದು ಅನುಕೂಲವೂ ಇದೆ. ‘ಐವ್ ಗಾಟ್ ಎ ಕಾರ್’ ಅಂದರೆ ನನ್ನ ಹತ್ತಿರ ಕಾರಿದೆ. ‘ಐವ್ ಗಾಟನ್ ಎ ಕಾರ್’ ಅಂದರೆ ಕಾರು ತಗೊಂಡಿದ್ದೇನೆ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ವಾಕ್ಯ. ನೀವು ಯಾವುದನ್ನಾದರೂ ಬಳಸಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

‘ಫರ್‌ಗೆಟ್’ ಬಂದದ್ದರಿಂದ ಹೇಳುತ್ತೇನೆ. ‘ಗೆಟ್’ ಹುಟ್ಟಾ ಇಂಗ್ಲಿಷ್ ಪದವಲ್ಲ. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯಲ್ಲಿ ‘ಗೆಟ’ ಅಂತ ಇತ್ತು. ಅದರ ಅರ್ಥ ಪಡೆ, ದಕ್ಕಿಸಿಕೊ. ಹಳೆಯ ಇಂಗ್ಲಿಷ್‌ನಲ್ಲಿ ಇದರ ದಾಯಾದಿ ಪದ ಒಂಟಿಯಾಗಿ ಓಡಾಡುತ್ತಿರಲಿಲ್ಲ, ಬೇರೆ ಪದಗಳ ಬಾಲವಾಗಿ ಮಾತ್ರ ಇತ್ತು. ‘ಫರ್‌ಗೆಟ್’ ಅಂಥದ್ದು. ಹಿಡಿದದ್ದು ಕೈತಪ್ಪಿ ಹೋಗುವುದು ಅನ್ನುವ ಭಾವ ಅದರದು. ಆಗ ಅದರ ಉಚ್ಚಾರದಲ್ಲಿ ‘ಗ’ ಇರಲಿಲ್ಲ, ‘ಯ’ಕ್ಕೆ ಹತ್ತಿರದ ದನಿ ಇತ್ತು. ನಾರ್ಸ್ ಪ್ರಭಾವದಿಂದ ಗಟ್ಟಿ ‘ಗ’ ಬಂತು. ‘ಟೇಕ್’, ‘ದೇ’ ಕೂಡ ಅದೇ ದಾರಿಯಲ್ಲಿ ಬಂದವು. ದಿನಬಳಕೆಯ ಇಷ್ಟು ಒಳಗಿನ ಪದಗಳನ್ನೇ ಹೊರಗಿನವರಿಂದ ತಗೊಂಡ ಭಾಷೆ ಅದು.

‘ಗೆಟ್’ ಜೊತೆ ‘ಅಪ್’, ‘ಆಫ್’, ‘ಓವರ್’, ‘ಥ್ರೂ’ ಸೇರುವ ನುಡಿಗಟ್ಟುಗಳನ್ನು ಇಲ್ಲಿ ಪಟ್ಟಿ ಮಾಡುವುದಿಲ್ಲ. ಇವಕ್ಕೂ ಜಾಗದ ಲೆಕ್ಕವೇ. ‘ಗೆಟ್ ಹೋಮ್’ ಅಂದರೆ ಮನೆ ಸೇರು ಅಂತಾದರೆ, ‘ಗೆಟ್ ಓವರ್’ ಅಂದರೆ ಅದರಾಚೆ ಸೇರು, ದಾಟು. ಜ್ವರವನ್ನೂ ದಾಟಬಹುದು, ದುಃಖವನ್ನೂ ದಾಟಬಹುದು. ‘ಗೆಟ್ ಥ್ರೂ’ ಅಂದರೆ ನಡುವೆ ನುಗ್ಗಿ ಹೊರಬರುವುದು: ಪರೀಕ್ಷೆ, ಕಷ್ಟದ ದಿನಗಳು, ಫೋನ್ ಲೈನ್. ‘ಗೆಟ್ ಅವೇ ವಿತ್’ ಅಂದರೆ ತಪ್ಪು ಮಾಡಿದ್ದನ್ನೂ ಜೊತೆಗೆ ಒಯ್ದು ದೂರ ಸೇರಿಬಿಡುವುದು, ಅಂದರೆ ಶಿಕ್ಷೆಯಿಲ್ಲದೆ ಪಾರಾಗುವುದು. ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಒಳಗೆ ನಿಂತು ಓಡಾಡುವಂತಿದ್ದರೆ ‘ಆನ್’, ಬಗ್ಗಿ ತೂರಿಕೊಳ್ಳಬೇಕಾದರೆ ‘ಇನ್’ ಅಂತ ನೆನಪಿಟ್ಟುಕೊಳ್ಳಿ. ಸಾಮಾನ್ಯವಾಗಿ ಸರಿಹೋಗುತ್ತದೆ.

ಈಗ ನಿಮ್ಮ ಮೇಲಿನವರ ಮಾತು. ‘ಗೆಟ್’ ಒರಟು ಅಲ್ಲ, ಸಲಿಗೆಯ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಡಳಿತ, ನ್ಯಾಯಾಲಯ, ದರ್ಬಾರಿನ ಭಾಷೆ ಫ್ರೆಂಚ್ ಆಯಿತು. ‘ರಿಸೀವ್’, ‘ಅಬ್ಟೇನ್’ ಥರದ ಪದಗಳು ಆ ಕಡೆಯಿಂದ ಬಂದವು. ಕೋಟು ಹಾಕಿಕೊಂಡೇ ಬಂದವು ಅನ್ನಿ. ಮನೆಮಾತಿನ ‘ಗೆಟ್’ ಮನೆಯಲ್ಲೇ ಉಳಿಯಿತು. ನಮ್ಮಲ್ಲೂ ‘ಸಿಕ್ಕಿತು’ ಇದೆ, ‘ಲಭಿಸಿತು’ ಇದೆ, ‘ಪ್ರಾಪ್ತವಾಯಿತು’ ಇದೆ. ಗೆಳೆಯನಿಗೆ ‘ನಿನ್ನ ಪತ್ರ ಪ್ರಾಪ್ತವಾಯಿತು’ ಎಂದು ಬರೆದರೆ ಅವನು ನಗುತ್ತಾನೆ.

ಹಾಗಾಗಿ ಅರ್ಜಿಗೆ ಉತ್ತರ, ವರದಿ, ಕರಾರು ಇಂಥವುಗಳಲ್ಲಿ ‘ವಿ ಗಾಟ್ ಯುವರ್ ಅಪ್ಲಿಕೇಷನ್’ ಬದಲು ‘ವಿ ರಿಸೀವ್ಡ್’ ಬರೆಯಿರಿ, ‘ಕಾಸ್ಟ್ಸ್ ಆರ್ ಗೆಟಿಂಗ್ ಹೈಯರ್’ ಬದಲು ‘ಆರ್ ರೈಸಿಂಗ್’ ಬರೆಯಿರಿ. ಇಲ್ಲಿ ‘ಗೆಟ್’ ತೆಗೆದರೆ ವಾಕ್ಯ ಬಿಗಿಯಾಗುತ್ತದೆ. ‘ಗಾಟ್ ಡಿಲೇಡ್’ ಅನ್ನು ‘ವಾಸ್ ಡಿಲೇಡ್’ ಮಾಡಿ. ಮಾಡಿಸಿದ ಕೆಲಸಕ್ಕೆ ‘ಗಾಟ್’ ಬದಲು ‘ಹ್ಯಾಡ್’ ಹಾಕಿದರೆ ಸಾಕು.

ಆದರೆ ಸಿಕ್ಕ ಸಿಕ್ಕ ಕಡೆ ಕತ್ತರಿ ಆಡಿಸಬೇಡಿ. ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಕಚೇರಿ ಇಮೇಲಿಗೆ ಚೆನ್ನಾಗಿ ಹೊಂದುತ್ತದೆ. ‘ಗೆಟ್ ಮ್ಯಾರೀಡ್’ ಬದಲು ‘ಬಿಕಮ್ ಮ್ಯಾರೀಡ್’ ಅಂದರೆ ಕೃತಕ, ‘ಗೆಟ್ ರಿಡ್ ಆಫ್’ನಲ್ಲಿ ‘ಗೆಟ್’ ತೆಗೆದರೆ ಉಳಿಯುವುದು ಏನೂ ಇಲ್ಲ. ಸಹೋದ್ಯೋಗಿಗೆ ಕಳಿಸುವ ಎರಡು ಸಾಲಿನಲ್ಲಿ ‘ಡಿಡ್ ಯು ಗೆಟ್ ದ ಫೈಲ್?’ ಅಂತಲೇ ಕೇಳಿ. ‘ಡಿಡ್ ಯು ಅಬ್ಟೇನ್ ದ ಫೈಲ್?’ ಅಂದರೆ ಅವರು ಅದನ್ನು ಎಲ್ಲಿಂದಲೋ ಕಷ್ಟಪಟ್ಟು ಸಂಪಾದಿಸಬೇಕಿತ್ತು ಅನ್ನುವ ಹಾಗಿರುತ್ತದೆ. ನಿಮ್ಮ ಮೇಲಿನವರು ತಿದ್ದಿಕೊಟ್ಟ ಪುಟಗಳಿದ್ದರೆ ಒಮ್ಮೆ ತೆಗೆದು ನೋಡಿ. ‘ಗೆಟ್’ ಹೊಡೆದು ಅವರು ‘ರಿಸೀವ್’ ಬರೆದಿದ್ದರೆ ಒಪ್ಪಿಕೊಳ್ಳಿ. ‘ಬಿಕಮ್ ಯೂಸ್ಡ್ ಟು’ ಅಂತ ಬರೆದಿದ್ದರೆ ಅದು ವ್ಯಾಕರಣದ ತಿದ್ದುಪಡಿಯಲ್ಲ, ಅವರ ಅಭಿರುಚಿ ಅಷ್ಟೇ. ಅದಕ್ಕಾಗಿ ಜಗಳವಾಡುವಷ್ಟು ದೊಡ್ಡ ವಿಷಯವೂ ಅಲ್ಲ.